ಅಂಚನ್ನು ಮುಟ್ಟಿ ನೋಡಿ

ಗಣಿತಶಿಲ್ಪ ಸವಿಯಲು ಗಣಿತ ಬರಬೇಕೇ ಎಂದು ಕೇಳುವವರ ಕೈಗೆ ನಾನು ಎರಡು ದಾರ ಕೊಡುತ್ತೇನೆ, ಒಂದು ಕೆಂಪು, ಒಂದು ನೀಲಿ. ಎದುರಿಗೆ ಗೈರಾಯ್ಡ್ ಇರಬೇಕು: ಮೈಯೆಲ್ಲ ತೂತು, ಆದರೂ ತಿರುಚುತ್ತ ತಿರುಚುತ್ತ ಸಾಗುವ ಒಂದೇ ಗೋಡೆ, ಎಲ್ಲೂ ಒಂದು ನೇರಗೆರೆಯಿಲ್ಲ. ಕೆಂಪು ದಾರವನ್ನು ಗೋಡೆಯ ಈಚೆಯಿಂದ ಪೋಣಿಸಿ, ನೀಲಿಯನ್ನು ಆಚೆಯಿಂದ. ಒಳಗೆ ಎಷ್ಟು ಸುತ್ತಾಡಿಸಿದರೂ ಅವು ಒಂದನ್ನೊಂದು ಮುಟ್ಟವು. ಜಾಗವನ್ನು ಹೀಗೆ ಕನ್ನಡಿಬಿಂಬದಂಥ ಎರಡು ಸುರಂಗಜಾಲಗಳಾಗಿ ಸೀಳುವ ಈ ಮೇಲ್ಮೈಯನ್ನು ನಾಸಾದಲ್ಲಿದ್ದ ಅಲನ್ ಶೋಯೆನ್ 1970ರಲ್ಲಿ ವಿವರಿಸಿದರು. ಕೆಲವು ಚಿಟ್ಟೆಗಳ ರೆಕ್ಕೆಯ ಹುರುಪೆಗಳಲ್ಲಿ ಅದು ಮೊದಲೇ ಇತ್ತೆನ್ನಿ.

ದಾರಗಳು ಕೂಡಬೇಕಾದರೆ ಅಂಚನ್ನು ಬಳಸಿ ಹೊರಬರಬೇಕು. ನಾವು ನೋಡಬೇಕಾದದ್ದೂ ಅಲ್ಲೇ. ಸಮೀಕರಣಕ್ಕೆ ಅಂಚಿಲ್ಲ, ಎಲ್ಲ ದಿಕ್ಕಿಗೂ ಹಬ್ಬುತ್ತಲೇ ಇರುತ್ತದೆ, ದಪ್ಪವೂ ಇಲ್ಲ. ಎಲ್ಲಿ ಕತ್ತರಿಸಬೇಕು, ಗೋಡೆ ಎಷ್ಟು ತೆಳುವಿರಬೇಕು ಎಂಬುದನ್ನು ಕಂಪ್ಯೂಟರ್ ಮುಂದೆ ಕೂತವರೇ ತೀರ್ಮಾನಿಸಬೇಕು. ಸೂತ್ರ ಎಲ್ಲರದು, ಕತ್ತರಿ ಕಲಾವಿದರದು. ಪೆಟ್ಟಿಗೆಯಾಕಾರಕ್ಕೆ ಕತ್ತರಿಸಿದ ಗೈರಾಯ್ಡ್ ನನಗೆ ಪ್ರಯೋಗಶಾಲೆಯ ಮಾದರಿಯಂತೆ ಕಾಣುತ್ತದೆ. ಗೋಳಕ್ಕೆ ಕತ್ತರಿಸಿದರೆ ಅದೇ ಸೂತ್ರ ಅಂಗೈಯಲ್ಲಿ ಉರುಳಲು ಹಾತೊರೆಯುತ್ತದೆ.

ಇಂಥ ಆಕಾರವನ್ನು ಅಚ್ಚಿನಿಂದ ಬಿಡಿಸಿ ತೆಗೆಯುವುದು ಕಷ್ಟ. ಅಮೆರಿಕದ ಬಾತ್‌ಶೀಬಾ ಗ್ರಾಸ್‌ಮನ್ ತಮ್ಮ ಶಿಲ್ಪಗಳನ್ನು ಲೋಹದಲ್ಲಿ ಮುದ್ರಿಸುತ್ತಾರೆ: ಉಕ್ಕಿನ ಪುಡಿಯನ್ನು ಪದರಪದರವಾಗಿ ಅಂಟಿಸಿ, ಕುಲುಮೆಯಲ್ಲಿ ಕಾಯಿಸಿ, ಸಂದುಗಳಿಗೆ ಕಂಚು ಹೀರಿಸುವ ವಿಧಾನ. ಮೈಮೇಲಿನ ಸಣ್ಣ ಗೆರೆಗಳು ಆ ಪದರಗಳೇ. ದೋಷವೆಂದು ಮೂಗು ಮುರಿಯಬೇಡಿ. ಮಡಕೆಯ ಮೇಲೆ ಕುಂಬಾರನ ಬೆರಳಗೆರೆ ಉಳಿದಿರುವುದಿಲ್ಲವೇ?

ಗಣಿತಜ್ಞ ಹೆನ್ರಿ ಸೆಗರ್‌ಮನ್ ಅವರ ಜಾಲರಿ ಗೋಳವನ್ನು ಮಾತ್ರ ಕತ್ತಲಲ್ಲೇ ನೋಡಬೇಕು. ನೆತ್ತಿಯಲ್ಲಿ ಪುಟ್ಟ ದೀಪವಿಡಿ. ಮೇಲೆ ಒತ್ತೊತ್ತಾಗಿ, ಕೆಳಗೆ ಅಗಲವಾಗಿ ಬಾಗಿದ ಕಂಡಿಗಳು ಮೇಜಿನ ಮೇಲೆ ಚದುರಂಗದ ಹಾಸಿನಂತೆ ಸಮಚೌಕಗಳಾಗಿ ಬೀಳುತ್ತವೆ. ತೊಗಲುಗೊಂಬೆಯವರು ಚಪ್ಪಟೆ ಚರ್ಮದಿಂದ ಲೋಕ ಕಟ್ಟಿದರೆ ಇಲ್ಲಿ ತಿರುವುಮುರುವು. ಇಲ್ಲಿನ ಅಂಚು ಯಾವುದು? ನೆತ್ತಿಯ ತೂತು. ಮೇಜು ಕೊನೆಯಿಲ್ಲದೆ ಚಾಚಿದ್ದರೆ ಅದರ ಲೆಕ್ಕವಿಲ್ಲದ ಚೌಕಗಳೆಲ್ಲ ಅಲ್ಲೇ ಮುಗಿಬೀಳುತ್ತಿದ್ದವು. ಅವನ್ನು ತಡೆದು ನಿಲ್ಲಿಸಿ ದೀಪಕ್ಕೆ ಜಾಗ ಬಿಟ್ಟಿದ್ದಾರೆ. ದೀಪವನ್ನು ಒಂದೆಳೆ ಸರಿಸಿ ನೋಡಿ, ಮೇಜಿನ ಚೌಕಗಳೆಲ್ಲ ಸೊಟ್ಟಗಾಗುತ್ತವೆ.