ಅಂಗಸಾಧನೆಯ ಗ್ರಂಥಗಳಲ್ಲಿ ಗಾಯಗೊಂಡ ದೇಹ: ಒಂದು ವಿಮರ್ಶೆ

ವ್ಯಾಯಾಮವನ್ನು ಕುರಿತ ಗ್ರಂಥವೊಂದರ ಬೆಲೆಯನ್ನು ಅದು ಎಷ್ಟು ಬಲವನ್ನು ವಾಗ್ದಾನಮಾಡುತ್ತದೆ ಎಂಬುದರಿಂದ ಅಳೆಯುವುದು ವಾಡಿಕೆ. ಪ್ರಕೃತ ಲೇಖನದಲ್ಲಿ ನಾವು ಬೇರೊಂದು ಒರೆಗಲ್ಲನ್ನು ಬಳಸಲು ಯತ್ನಿಸಿದ್ದೇವೆ. ಸಾಧಕನ ಕೀಲು ಉಳುಕಿದಾಗ, ಮೂಳೆ ಮುರಿದಾಗ ಗ್ರಂಥ ಅವನಿಗೆ ಏನು ಹೇಳುತ್ತದೆ? ಗಾಯ ಮಾಯ್ದವನು ಮರಳಿ ಕಣಕ್ಕಿಳಿಯುವ ದಿನವನ್ನು ಯಾರು, ಯಾವ ಆಧಾರದ ಮೇಲೆ ಗೊತ್ತುಮಾಡಬೇಕು? ಈ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದುದಲ್ಲ. ಬಲವನ್ನು ಕಲಿಸುವ ವಿದ್ಯೆಯೂ ಗಾಯವನ್ನು ಮಾಯಿಸುವ ವಿದ್ಯೆಯೂ ನಮ್ಮಲ್ಲಿ ಯಾವಾಗ ಒಂದಾಗಿದ್ದವು, ಹೇಗೆ ಬೇರೆಯಾದವು ಎಂಬುದು ಚರಿತ್ರೆಯ ಪ್ರಶ್ನೆಯೂ ಹೌದು.

ಮೊದಲು ಸುಶ್ರುತಸಂಹಿತೆಯನ್ನು ನೋಡಬಹುದು. ಅದರ ನಿದಾನಸ್ಥಾನದ ೧೫ನೆಯ ಅಧ್ಯಾಯ ಕೀಲು ತಪ್ಪುವುದರಲ್ಲಿ ೬ ಬಗೆಗಳನ್ನೂ ಮೂಳೆ ಮುರಿಯುವುದರಲ್ಲಿ ೧೨ ಬಗೆಗಳನ್ನೂ ವಿಂಗಡಿಸುತ್ತದೆ. ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯ ಮೂಳೆಯನ್ನು ಎಳೆದು, ಒತ್ತಿ, ಸರಿಯಾಗಿ ಕೂರಿಸಿ, ಅತ್ತಿ, ಅರಳಿ, ಆಲ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿಟ್ಟು ಕಟ್ಟುವ ಕ್ರಮವನ್ನು ತಿಳಿಸುತ್ತದೆ. ಕಟ್ಟು ಸಡಿಲವಾದರೆ ಕೀಲು ನೆಲೆಗೊಳ್ಳದು. ಬಿಗಿಯಾದರೆ ಬಾವು, ನೋವು, ಕೀವು ತಲೆದೋರುವುವು. ಕಟ್ಟನ್ನು ಬಿಚ್ಚಿ ಕಟ್ಟುವ ಅವಧಿಯನ್ನೂ ಋತುವಿಗೆ ತಕ್ಕಂತೆ ಹೇಳಿದೆ: ಚಳಿಗಾಲದಲ್ಲಿ ೭ ದಿನ, ಸಮಶೀತೋಷ್ಣ ಕಾಲದಲ್ಲಿ ೫ ದಿನ, ಬೇಸಗೆಯಲ್ಲಿ ೩ ದಿನ. ಎಳೆಯ ವಯಸ್ಸಿನಲ್ಲಿ ೧ ತಿಂಗಳಿಗೆ ಕೂಡುವ ಸಂಧಿ ನಡುವಯಸ್ಸಿನಲ್ಲಿ ೨ ತಿಂಗಳಿಗೂ ಮುಪ್ಪಿನಲ್ಲಿ ೩ ತಿಂಗಳಿಗೂ ಕೂಡುವುದೆಂದು ಅದರ ಮತ.

ಆದರೆ ಈ ಅಧ್ಯಾಯದಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರವೀಯುವ ಭಾಗ ಬೇರೆಯೇ ಇದೆ. ಅಂಗೈಗೆ ಪೆಟ್ಟಾದವನು ಮೊದಲು ಮಣ್ಣಿನ ಉಂಡೆಯನ್ನು ಹಿಡಿಯಬೇಕು. ಅನಂತರ ಉಪ್ಪಿನ ಗಡ್ಡೆಯನ್ನು. ಕೈಗೆ ಬಲ ಬಂದ ಮೇಲೆ ಕಲ್ಲನ್ನು. ಇಲ್ಲಿ ಚಿಕಿತ್ಸೆ ಮೂಳೆ ಕೂಡಿದೊಡನೆ ಮುಗಿಯುವುದಿಲ್ಲ, ಬಲ ಮರಳಿದಾಗ ಮುಗಿಯುತ್ತದೆ. ಕಲ್ಲನ್ನು ಹಿಡಿಯಲು ಅನುಮತಿ ನೀಡುವುದು ದಿನಗಳ ಎಣಿಕೆಯಲ್ಲ, ಕೈಯೇ ತೋರುವ ಶಕ್ತಿ. ಅದೇ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯ ವ್ಯಾಯಾಮವನ್ನು ತನ್ನ ಬಲದ ಅರ್ಧಕ್ಕೆ ಮಿತಿಗೊಳಿಸಬೇಕೆಂದು ವಿಧಿಸುತ್ತದೆ. ಸಾಧನೆಯ ಮಿತಿಯನ್ನೂ ಗಾಯದ ಪರಿಹಾರವನ್ನೂ ಒಂದೇ ಗ್ರಂಥ, ಒಂದೇ ಸ್ಥಾನದಲ್ಲಿ ಹೇಳಿರುವುದು ಗಮನಾರ್ಹ. ಇದರ ಔಷಧಗಳೆಲ್ಲವೂ ಇಂದಿಗೆ ಒಪ್ಪುತ್ತವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ವಿಚಾರದ ಚೌಕಟ್ಟು ಎಷ್ಟು ಪೂರ್ಣವಾಗಿತ್ತೆಂಬುದನ್ನು ತೋರಿಸುವುದಷ್ಟೇ ಉದ್ದೇಶ.

ಕನ್ನಡನಾಡಿನ ಅರಸನೇ ಬರೆಸಿದ ಮಾನಸೋಲ್ಲಾಸದ ರೀತಿ ಇದಕ್ಕಿಂತ ಭಿನ್ನ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ೧೨ನೆಯ ಶತಮಾನದ ಪೂರ್ವಾರ್ಧದ ಈ ಸಂಸ್ಕೃತ ಕೃತಿಯ ಮಲ್ಲವಿನೋದ ಪ್ರಕರಣವನ್ನು ನಮ್ಮ ಕ್ರೀಡಾಚರಿತ್ರೆ ಬರೆಯುವವರೆಲ್ಲರೂ ಉಲ್ಲೇಖಿಸುವುದುಂಟು. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವರ್ಗೀಕರಿಸುವುದು, ಅವರ ಆಹಾರ, ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಧನೆ ಇವೆಲ್ಲ ಅಲ್ಲಿ ಕ್ರಮಬದ್ಧವಾಗಿ ಬಂದಿವೆ. ಸಾಧನೆಯನ್ನು ಬಗೆಬಗೆಯಾಗಿ ವಿಂಗಡಿಸಿರುವುದರಲ್ಲಿ ಇದು ಶ್ಲಾಘ್ಯ. ಆದರೆ ಪ್ರಕರಣದ ಹೆಸರನ್ನು ಮರೆಯಲಾಗದು. ಇದು ಮಲ್ಲವಿನೋದ, ವಿನೋದ ಅರಸನದು. ಸಿಂಹಾಸನದಿಂದ ಅಖಾಡವನ್ನು ನೋಡುವ ಕಣ್ಣಿಗೆ ಮಲ್ಲನ ದೇಹ ಸಿದ್ಧಪಡಿಸಬೇಕಾದ ವಸ್ತುವಾಗಿ ಕಾಣುವುದು ಸಹಜ. ಅಂಗೈಯಲ್ಲಿ ಮಣ್ಣಿನುಂಡೆ ಹಿಡಿದ ರೋಗಿಯನ್ನು ನೋಡುವ ಸುಶ್ರುತದ ಕಣ್ಣಿಗೂ ಇದಕ್ಕೂ ಬಹಳ ಅಂತರವಿದೆ.

ಗ್ರಂಥಗಳ ಹೊರಗೆ ಈ ಅಂತರವನ್ನು ತುಂಬಿದವರು ಗರಡಿಯ ಉಸ್ತಾದರು. ಸಾಮು ಕಲಿಸುವವನೇ ಉಳುಕನ್ನು ನೀವುತ್ತಿದ್ದನು, ತಪ್ಪಿದ ಕೀಲನ್ನು ಕೂರಿಸುತ್ತಿದ್ದನು. ಶಿಷ್ಯನು ಮತ್ತೆ ಕೆಂಪುಮಣ್ಣಿಗೆ ಇಳಿಯುವ ದಿನವನ್ನೂ ಅವನೇ ಹೇಳುತ್ತಿದ್ದನು. ಬೆಂಗಳೂರು ಪೇಟೆಯಲ್ಲಿ ಕರಗದ ವೀರಕುಮಾರರ ಸಂಪ್ರದಾಯದೊಡನೆ ಬೆಳೆದ ಗರಡಿಗಳೂ ಈ ಪರಂಪರೆಗೆ ಸೇರಿದವು. ಈ ವಿದ್ಯೆಯ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿದವು. ಉಸ್ತಾದನು ಶಿಷ್ಯನ ಮೈಯನ್ನು ಬಾಲ್ಯದಿಂದ ಬಲ್ಲವನು. ಆದರೆ ಅವನ ತಿಳಿವಳಿಕೆ ಕೈಯಿಂದ ಕೈಗೆ ಸಾಗಿತೇ ಹೊರತು ಪರೀಕ್ಷೆಗೆ ಒಡ್ಡಿಕೊಳ್ಳಲಿಲ್ಲ. ಒಳಗೆ ಮುರಿದ ಮೂಳೆಯನ್ನು ಉಳುಕೆಂದು ತಿಳಿದು ನೀವಿದಾಗ ಆಗುವ ಅನಾಹುತವನ್ನು ತಡೆಯುವ ಮಾರ್ಗ ಆ ಪರಂಪರೆಯೊಳಗೆ ಇರಲಿಲ್ಲ.

ಅಚ್ಚಿನ ಪುಸ್ತಕಗಳ ಯುಗದಲ್ಲಿ ಸಾಧನೆಯೂ ಚಿಕಿತ್ಸೆಯೂ ಮತ್ತೆ ಹತ್ತಿರ ಬಂದದ್ದು ಕೆ. ವಿ. ಅಯ್ಯರ್ ಅವರಲ್ಲಿ. ಕನ್ನಡ ಓದುಗರು ಅವರನ್ನು ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವಾಗಿ ಬಲ್ಲರು. ೧೯೨೦ರ ದಶಕದ ಆರಂಭದಲ್ಲಿ ಕೋಟೆಯ ಟೀಪೂ ಅರಮನೆಯ ಆವರಣದಲ್ಲಿ ವ್ಯಾಯಾಮಶಾಲೆ ತೆರೆದ ಅವರು ೧೯೪೦ರಲ್ಲಿ ಅದನ್ನು ಜೆ. ಸಿ. ರಸ್ತೆಯಲ್ಲಿ ನೆಲೆಗೊಳಿಸಿದರು. ೧೯೩೦ರ ದಶಕದಲ್ಲಿ ಬಂದ ಅವರ ‘ಮಸಲ್ ಕಲ್ಟ್’, ‘ಪರ್ಫೆಕ್ಟ್ ಫಿಸೀಕ್’ ಮೊದಲಾದ ಇಂಗ್ಲಿಷ್ ಪುಸ್ತಕಗಳು ಪಾಶ್ಚಾತ್ಯ ದೇಹಸಾಧಕರ ಮಾರ್ಗವನ್ನು ಆಸನ, ಸೂರ್ಯನಮಸ್ಕಾರಗಳೊಡನೆ ಬೆಸೆದವು. ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ವಸ್ಥರಾಗಿದ್ದಾಗ ಅಯ್ಯರ್ ಅವರಿಂದಲೇ ಅಂಗಸಾಧನೆಯ ಚಿಕಿತ್ಸೆ ಪಡೆದರೆಂಬುದು ಆ ಶಾಲೆಯ ಹಿರಿಮೆಗೆ ಸಾಕ್ಷಿ.

ಆದರೂ ಆ ಪುಸ್ತಕಗಳ ನಾಯಕ ಗಾಯಗೊಂಡವನಲ್ಲ, ಸುಂದರ ದೇಹವುಳ್ಳವನು. ಅವುಗಳಲ್ಲಿನ ಛಾಯಾಚಿತ್ರಗಳು ಸಾಧಿಸಿ ಮುಗಿದ ದೇಹವನ್ನು ತೋರಿಸುತ್ತವೆ, ಸಾಧಿಸುತ್ತ ಎಡವಿದ ದೇಹವನ್ನಲ್ಲ. ಅಯ್ಯರ್ ಅವರು ಅಂಚೆಯ ಮೂಲಕವೂ ವ್ಯಾಯಾಮವನ್ನು ಬೋಧಿಸಿದರು. ಇದರಿಂದ ವಿದ್ಯೆ ದೂರದ ಊರುಗಳಿಗೆ ಹರಡಿತು, ನಿಜ. ಆದರೆ ಗುರುವಿನ ಕೈ ಶಿಷ್ಯನ ಊದಿದ ಮಣಿಕಟ್ಟನ್ನು ಮುಟ್ಟುವ ಸಂದರ್ಭ ಅಲ್ಲಿಲ್ಲ. ಶಾಲೆಯೊಳಗೆ ಅಯ್ಯರ್ ಅವರು ವ್ಯಕ್ತಿಶಃ ಕೂಡಿಸಿದ್ದನ್ನು ಅವರ ಪುಸ್ತಕದ ಮಾರ್ಗ ಕೂಡಿಸಲಾರದು. ಒಬ್ಬ ಪ್ರತಿಭಾವಂತನಲ್ಲಿ ನೆಲೆಸಿದ ವಿದ್ಯೆ ಅವನೊಡನೆ ಹೋಗಿಬಿಡದಿರಬೇಕಾದರೆ ಅದು ಪಾಠಕ್ರಮವಾಗಬೇಕು.

ಈ ವಿದ್ಯೆ ಕಾಲೇಜಿನ ಪಾಠಕ್ರಮವಾಗಿ ರೂಪುಗೊಂಡುದು ಅಮೆರಿಕದಲ್ಲಿ. ಅಲ್ಲಿ ತಂಡದೊಡನೆ ಮೈದಾನದಲ್ಲಿದ್ದು ಗಾಯವನ್ನು ನೋಡಿಕೊಳ್ಳುವ ತರಬೇತುಗಾರರು ೧೯೫೦ರಲ್ಲಿ ಕನ್ಸಾಸ್ ನಗರದಲ್ಲಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ೧೯೫೯ರಲ್ಲಿ ಒಂದು ಮಾದರಿ ಪಾಠಕ್ರಮವನ್ನು ಅಂಗೀಕರಿಸಿದರು. ೧೯೯೦ರಲ್ಲಿ ಅಲ್ಲಿನ ವೈದ್ಯಸಂಘ ಈ ವೃತ್ತಿಗೆ ಮನ್ನಣೆಯಿತ್ತಿತು. ಪಾಠಕ್ರಮವಾದುದರ ಮುಖ್ಯ ಲಾಭವೆಂದರೆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಗಾಯಗೊಂಡ ಅಂಗವನ್ನು ಎತ್ತಿಡುವುದು ಎಂಬ ಚತುಸ್ಸೂತ್ರವನ್ನು ೧೯೭೮ರಲ್ಲಿ ಪ್ರಚುರಪಡಿಸಿದ ವೈದ್ಯ ಗೇಬ್ ಮಿರ್ಕಿನ್, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಮಾಯುವುದನ್ನು ತಡಮಾಡಬಹುದೆಂದು ೨೦೧೪ರಲ್ಲಿ ತಾವೇ ಬರೆದರು. ಗರಡಿಯ ವಿದ್ಯೆಗೆ ದೊರೆಯದೆ ಹೋದುದು ಈ ಬಗೆಯ ಮರುಪರಿಶೀಲನೆಯೇ.

ನಮ್ಮ ಕಾಲೇಜುಗಳ ಸ್ಥಿತಿಯನ್ನು ಇದೇ ಒರೆಗಲ್ಲಿಗೆ ಉಜ್ಜಿ ನೋಡೋಣ. ದೈಹಿಕ ಶಿಕ್ಷಣದ ಅಧ್ಯಾಪಕರನ್ನು ಸಿದ್ಧಪಡಿಸುವ ಬಿ.ಪಿ.ಎಡ್. ಪದವಿಗೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು ೨೦೧೪ರಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲಿ ಕ್ರೀಡಾವೈದ್ಯ ಮತ್ತು ಪುನಶ್ಚೇತನದ ಪತ್ರಿಕೆ ಐಚ್ಛಿಕವಾಗಿ ಬಂದಿದೆ; ತರಬೇತಿಯ ಪತ್ರಿಕೆ ಕಡ್ಡಾಯ. ಅಂದರೆ ಓಡಿಸುವುದನ್ನು ಎಲ್ಲರೂ ಕಲಿಯಬೇಕು, ಬಿದ್ದವನನ್ನು ಎತ್ತುವುದನ್ನು ಇಷ್ಟವಿದ್ದವರು ಕಲಿಯಬಹುದು. ಇತ್ತ ಫಿಸಿಯೋಥೆರಪಿಯ ಕಾಲೇಜುಗಳು ಬೇರೊಂದು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿವೆ. ಆ ವಿದ್ಯಾರ್ಥಿಗಳು ಗಾಯವನ್ನು ಬಲ್ಲರಾದರೂ ಅವರ ಕ್ಷೇತ್ರ ಆಸ್ಪತ್ರೆ. ಮಾನಸೋಲ್ಲಾಸವೂ ಸುಶ್ರುತವೂ ಬೇರೆ ಬೇರೆ ಕಪಾಟುಗಳಲ್ಲಿ ನಿಂತಂತೆಯೇ ಈ ಎರಡು ವಿದ್ಯೆಗಳೂ ನಿಂತಿವೆ.

ಇದರ ಫಲವನ್ನು ಉಣ್ಣುವವನು ವಿದ್ಯಾರ್ಥಿ. ಕಬಡ್ಡಿಯಲ್ಲಿ ಮಂಡಿಯೊಳಗಿನ ಅಸ್ಥಿಬಂಧ ಹರಿದವನು ಶಸ್ತ್ರಕ್ರಿಯೆಯಾದ ಮೇಲೆ ೯ ತಿಂಗಳು ತುಂಬುವ ಮುನ್ನ ಆಟಕ್ಕೆ ಮರಳಿದರೆ ಮತ್ತೆ ಗಾಯವಾಗುವ ಭಯ ಹೆಚ್ಚೆಂದು ಇಂದಿನ ವೈದ್ಯಶಾಸ್ತ್ರ ಎಚ್ಚರಿಸುತ್ತದೆ. ಅಂತರಕಾಲೇಜು ಪಂದ್ಯಗಳ ಕಾಲ ಅಷ್ಟು ಕಾಯುವುದಿಲ್ಲ. ಕ್ರೀಡಾ ಮೀಸಲಿನಲ್ಲಿ ಸೀಟು ಪಡೆದವನಿಗೆ ಆಡಲಾರೆನೆಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಶಸ್ತ್ರವೈದ್ಯನು ಹೊಲಿಗೆ ಮಾಯಿತೆನ್ನುತ್ತಾನೆ. ತರಬೇತುಗಾರನು ಪಂದ್ಯ ಬಂದಿತೆನ್ನುತ್ತಾನೆ. ಇಬ್ಬರ ನಡುವೆ ನಿಂತು, ಈ ಕೈಗೆ ಇನ್ನೂ ಕಲ್ಲನ್ನು ಹಿಡಿಯುವ ಬಲ ಬಂದಿಲ್ಲವೆಂದು ಹೇಳಬಲ್ಲ ಮೂರನೆಯವನೊಬ್ಬನು ಬೇಕು.

ಟೀಪೂ ಅರಮನೆ, ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, ೧೯೫೫ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇವು ಮೂರೂ ಚಾಮರಾಜಪೇಟೆಯ ಅಂಚಿನಲ್ಲಿ ಒಂದರ ಮಗ್ಗುಲಲ್ಲಿ ಒಂದಿವೆ. ಅಯ್ಯರ್ ಅವರ ಮೊದಲ ವ್ಯಾಯಾಮಶಾಲೆಗೂ ಆಸ್ಪತ್ರೆಗೂ ನಡುವಿನ ದೂರ ಕೆಲವೇ ನಿಮಿಷಗಳ ನಡಿಗೆ. ವಿದ್ಯೆಗಳ ನಡುವಣ ದೂರವಾದರೋ ಇನ್ನೂ ಕ್ರಮಿಸಬೇಕಾಗಿದೆ. ಅದಕ್ಕೆ ಮೊದಲ ಹೆಜ್ಜೆಯಾಗಿ ಐಚ್ಛಿಕವಾದುದನ್ನು ಕಡ್ಡಾಯಗೊಳಿಸಬಹುದು. ಪ್ರತಿ ಕಾಲೇಜಿನಲ್ಲಿಯೂ ಆಟಗಾರರ ಗಾಯಗಳ ದಾಖಲೆಪುಸ್ತಕವೊಂದನ್ನು ಇಡಬಹುದು. ಉಳಿದಿರುವ ಉಸ್ತಾದರ ತಿಳಿವಳಿಕೆಯನ್ನು ಬರೆದಿಟ್ಟು ವೈದ್ಯರ ಪರೀಕ್ಷೆಗೆ ಒಡ್ಡಬಹುದು. ಈ ಕೊನೆಯ ಕಾರ್ಯದಲ್ಲಿ ಚರಿತ್ರೆಯ ವಿದ್ಯಾರ್ಥಿಗಳಿಗೂ ಪಾಲುಂಟು.