ರಸಾಯನಸೂತ್ರಗಳಲ್ಲಿ ಅಡಿಯಂಕೆಯ ಸ್ಥಾನ

ವೇದವಾಕ್ಯಕ್ಕೆ ಸ್ವರವು ಎಂತಹುದೋ ರಸಾಯನಸೂತ್ರಕ್ಕೆ ಅಂಕೆಯ ಸ್ಥಾನವೂ ಅಂತಹುದೇ. ಅದನ್ನು ಬರಹದ ಅಲಂಕಾರವೆಂದು ಬಗೆಯುವವರು ಅರ್ಥವನ್ನೇ ಕೆಡಿಸುವರು. ಗಣಕಯಂತ್ರದ ಪದಸಂಸ್ಕಾರಕಗಳಲ್ಲಿ ಸಿದ್ಧವಾಗುವ ಕನ್ನಡ ವಿಜ್ಞಾನಪಾಠಗಳಲ್ಲಿ ಈ ವಿಷಯದಲ್ಲಿ ಅಲಕ್ಷ್ಯವು ಕಂಡುಬರುತ್ತಿರುವುದರಿಂದ ಎರಡು ಮಾತುಗಳನ್ನು ವಿದ್ವಾಂಸರ ಮುಂದಿಡಲು ಬಯಸುತ್ತೇನೆ.

ನಾನು ವಾಸಿಸುವ ಮಾಣಿಕನಗರವು ಬೀದರ ಜಿಲ್ಲೆಯ ಹುಮನಾಬಾದಿಗೆ ಸಮೀಪದಲ್ಲಿರುವುದು. ಇಲ್ಲಿಯ ಉಪಾಧ್ಯಾಯ ಮಿತ್ರರೊಬ್ಬರು ತಂದು ತೋರಿಸಿದ ಪಾಠದ ಹಾಳೆಯಲ್ಲಿ ಸಲ್ಫೇಟ್ ಅಯಾನಿನ ಸೂತ್ರವು ‘ಎಸ್‌ಒ42-’ ಎಂದು ಅಚ್ಚಾಗಿತ್ತು. (ರೋಮನ್ ಅಕ್ಷರಗಳನ್ನು ಇಲ್ಲಿ ಉಚ್ಚಾರಾನುಸಾರವಾಗಿ ಕನ್ನಡದಲ್ಲಿ ಬರೆದಿದ್ದೇನೆ.) ಇರಬೇಕಾದುದು ‘ಎಸ್‌ಒ₄²⁻’. ಅಡಿಯ ನಾಲ್ಕು ಆಮ್ಲಜನಕದ ಪರಮಾಣುಗಳ ಸಂಖ್ಯೆ. ಮೇಲಣ ಎರಡು ಋಣಾವೇಶದ ಪ್ರಮಾಣ. ಎರಡೂ ಒಂದೇ ಸಾಲಿಗೆ ಇಳಿದೊಡನೆ ವಿದ್ಯಾರ್ಥಿಯು ನಲವತ್ತೆರಡೆಂದು ಓದಿದರೆ ತಪ್ಪು ಅವನದಲ್ಲ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿದ ತ್ವಷ್ಟೃವು ‘ಇಂದ್ರಶತ್ರು’ ಶಬ್ದದ ಸ್ವರವನ್ನು ತಪ್ಪಿದುದರಿಂದ, ತತ್ಪುರುಷವು ಬಹುವ್ರೀಹಿಯಾಗಿ, ಇಂದ್ರನಿಂದಲೇ ವೃತ್ರನು ಹತನಾದ ಕಥೆಯು ಮಹಾಭಾಷ್ಯವನ್ನೋದಿದವರಿಗೆ ವಿದಿತವೇ ಆಗಿದೆ. ಅಕ್ಷರಗಳೆಲ್ಲವೂ ಸರಿಯಾಗಿದ್ದವು, ಸ್ವರವೊಂದೇ ತಪ್ಪಿತ್ತು.

ಅಂಕೆಯ ಈ ಸ್ಥಾನವು ಅನಾದಿಯೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಕ್ಷರಸಂಕೇತಗಳನ್ನು ರೂಢಿಗೆ ತಂದ ಸ್ವೀಡನ್ನಿನ ಬರ್ಜೇಲಿಯಸನು ಸಂಖ್ಯೆಯನ್ನು ಮೇಲೆಯೇ ಬರೆಯುತ್ತಿದ್ದನು. ಅದನ್ನು ಅಡಿಗಿಳಿಸಿದವನು ಜರ್ಮನಿಯ ಲೀಬಿಗನು, 1834ರಲ್ಲಿ. ಸಂಕೇತವು ರೂಢಿಯಿಂದ ಬಂದುದಾದರೂ ರೂಢಿಯು ನೆಲೆಗೊಂಡ ಮೇಲೆ ಅದೇ ಪ್ರಮಾಣ.

ಇನ್ನು ದೋಷದ ಮೂಲವನ್ನು ನೋಡೋಣ. ಪದಸಂಸ್ಕಾರಕದಲ್ಲಿ ಅಂಕೆಯನ್ನು ಆರಿಸಿ ಅಡಿಗಿಳಿಸಿದಾಗ ಬದಲಾಗುವುದು ಅದರ ವೇಷ ಮಾತ್ರ. ಒಳಗೆ ಉಳಿಯುವುದು ಸಾಮಾನ್ಯವಾದ ನಾಲ್ಕೇ. ಬರಹವನ್ನು ಬರಿಯ ಪಠ್ಯವಾಗಿ ಬೇರೆಡೆಗೆ ನಕಲಿಸಿದೊಡನೆ ವೇಷವು ಕಳಚಿಬೀಳುವುದು. ನಮ್ಮ ಒತ್ತಕ್ಷರಕ್ಕೆ ಈ ವಿಪತ್ತು ಇಲ್ಲವೇಕೆ? ‘ಶಕ್ತಿ’ಯ ತಕಾರವೂ ಅಡಿಯಲ್ಲಿಯೇ ಇರುವುದಷ್ಟೆ. ಯೂನಿಕೋಡ್ ಕ್ರಮದಲ್ಲಿ ಕಕಾರ, ಹಲಂತಚಿಹ್ನೆ, ತಕಾರ ಎಂದು ಮೂರೂ ಪಠ್ಯದೊಳಗೇ ಸಾಲಾಗಿ ನಿಲ್ಲುವುವು. ತಕಾರವನ್ನು ಕೆಳಗಿರಿಸುವುದು ಅಕ್ಷರವಿನ್ಯಾಸದ ಕೆಲಸ. ಸಂಬಂಧವು ಪಠ್ಯದಲ್ಲಿಯೇ ಲಿಖಿತವಾಗಿರುವುದರಿಂದ ಎಲ್ಲಿಗೆ ಹೋದರೂ ಅಳಿಯದು.

ಅದೇ ನ್ಯಾಯವನ್ನು ಸೂತ್ರಗಳಿಗೂ ಅನ್ವಯಿಸಬಹುದು. ಯೂನಿಕೋಡಿನಲ್ಲಿ ₀ ಮೊದಲ್ಗೊಂಡು ₉ರ ವರೆಗೆ ಅಡಿಯಂಕೆಗಳೂ, ಹಾಗೆಯೇ ಮೇಲಂಕೆಗಳೂ ಸ್ವತಂತ್ರ ಚಿಹ್ನೆಗಳಾಗಿಯೇ ಇರುವುವು. ಅವನ್ನು ಬಳಸಿದಲ್ಲಿ ಸ್ಥಾನವು ಪಠ್ಯದ ಅಂಗವೇ ಆಗುವುದು. ಕನ್ನಡ ಅಂಕೆಗಳಿಗೆ ಇಂತಹ ಅಡಿರೂಪಗಳಿಲ್ಲ. ಮೇಲಾಗಿ ನಮ್ಮ ಸೊನ್ನೆಯು ಅನುಸ್ವಾರವನ್ನು ಹೋಲುವುದರಿಂದ ಚಿಕ್ಕದಾದಾಗ ಭ್ರಾಂತಿಗೆ ಎಡೆಯುಂಟು. ಆದಕಾರಣ ಭಾಷಾಭಿಮಾನವು ಎಷ್ಟಿದ್ದರೂ ಸೂತ್ರದೊಳಗೆ ಸಾರ್ವತ್ರಿಕ ಅಂಕೆಗಳನ್ನೇ ಉಳಿಸಿ, ವಿವರಣೆಯಲ್ಲಿ ಕನ್ನಡವನ್ನು ಮೆರೆಯಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಕೆಲವು ಅಕ್ಷರವಿನ್ಯಾಸಗಳಲ್ಲಿ ಆ ಚಿಹ್ನೆಗಳಿರುವುದಿಲ್ಲ. ಸಾಮಾನ್ಯ ಅಂಕೆಯಿಂದ ಹುಡುಕಿದರೆ ಸೂತ್ರವು ಸಿಗದೆಯೂ ಹೋಗಬಹುದು. ಕಾಗದದ ಮೇಲೆ ಅಚ್ಚಾಗಿ ಅಲ್ಲಿಗೇ ನಿಲ್ಲುವ ಬರಹಕ್ಕೆ ವೇಷವೇ ಸಾಕು. ಆದರೆ ಪಾಠಗಳು ಕೈಯಿಂದ ಕೈಗೆ ಸಾಗುವುವು. ಸಾಗಿದ ಮೇಲೂ ಅರ್ಥವು ನಿಲ್ಲುವುದೇ ಎಂದು ಒಮ್ಮೆ ತೆರೆದು ನೋಡುವುದು ಬರೆದವನ ಧರ್ಮ.