ಬಡಗಿಯ ಹೆಂಡತಿ: ಅಪಲಾಚಿಯಾದ ಒಂದು ಲಾವಣಿಯ ಪಾಠವಿಚಾರ

ಅಮೆರಿಕಾ ದೇಶದ ಪೂರ್ವಭಾಗದಲ್ಲಿ ಸಮುದ್ರತೀರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಬ್ಬಿರುವ ಅಪಲಾಚಿಯಾ ಪರ್ವತಶ್ರೇಣಿಯಲ್ಲಿ ‘ಹೌಸ್ ಕಾರ್ಪೆಂಟರ್’ ಎಂಬ ಕಥನಗೀತವೊಂದು ಬಹುಕಾಲದಿಂದ ಹಾಡಿಕೆಯಲ್ಲಿದೆ. ‘ಮನೆ ಕಟ್ಟುವ ಬಡಗಿ’ ಎಂದು ಆ ಹೆಸರಿನ ಅರ್ಥ. ಕಥೆಯೇನೋ ಚಿಕ್ಕದು. ಬಹುದಿನ ಪರದೇಶದಲ್ಲಿದ್ದ ನಾವಿಕನೊಬ್ಬನು ತನ್ನ ಹಿಂದಿನ ಪ್ರಿಯೆಯನ್ನು ಕಾಣಬಂದು, ಅರಸುಮಗಳನ್ನೇ ವರಿಸಬಹುದಾಗಿದ್ದರೂ ನಿನಗೋಸ್ಕರ ಬಿಟ್ಟುಬಂದೆನೆನ್ನುತ್ತಾನೆ. ಅವಳು ಆಗಲೇ ಬಡಗಿಯೊಬ್ಬನ ಕೈಹಿಡಿದಿದ್ದಾಳೆ. ಮಡಿಲಲ್ಲಿ ಕೂಸೂ ಇದೆ. ಮೊದಲು ಒಲ್ಲೆನೆನ್ನುತ್ತಾಳೆ, ಆಮೇಲೆ, ನನ್ನನ್ನು ಸಾಕುವುದಕ್ಕೆ ನಿನ್ನಲ್ಲಿ ಏನಿದೆಯೆಂದು ಕೇಳುತ್ತಾಳೆ. ಅವನು ತನ್ನ ಹಡಗುಗಳ ಲೆಕ್ಕ ಹೇಳುತ್ತಾನೆ. ಕೂಸಿಗೆ ಮುತ್ತಿಟ್ಟು, ತಂದೆಗೆ ಜೊತೆಯಾಗಿರೆಂದು ಹೇಳಿ, ಅವಳು ಹೊರಟುಬಿಡುತ್ತಾಳೆ. ಎರಡು ಮೂರು ವಾರ ಕಳೆಯುವುದರೊಳಗೆ ಹಡಗಿನ ಮೇಲೆ ಕುಳಿತು ಅಳತೊಡಗುತ್ತಾಳೆ. ಹೊನ್ನಿಗಾಗಿ ಅಳುವೆಯಾ ಎಂದು ಅವನು ಕೇಳಿದರೆ, ಹೊನ್ನಿಗಲ್ಲ, ಬಿಟ್ಟುಬಂದ ಕೂಸಿಗೆಂದು ಉತ್ತರ. ಸ್ವಲ್ಪದರಲ್ಲಿಯೇ ಹಡಗಿನ ತಳ ಬಿರಿದು ಎಲ್ಲವೂ ಮುಳುಗುತ್ತದೆ.

ಇಷ್ಟನ್ನೇ ಓದಿದವರು ಇದನ್ನು ಕುಲಸ್ತ್ರೀಯರಿಗೆ ಬುದ್ಧಿಹೇಳುವ ಸಾಮಾನ್ಯವಾದೊಂದು ಹಾಡೆಂದು ಬಗೆದು ಮುಂದೆ ಹೋದಾರು. ಆದರೆ ಇದರ ಜನ್ಮವೃತ್ತಾಂತವನ್ನು ಶೋಧಿಸಿದವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಈ ಕಥೆಯ ಅತ್ಯಂತ ಪ್ರಾಚೀನವಾದ ಪಾಠದಲ್ಲಿ ಬಂದವನು ನಾವಿಕನಲ್ಲ, ನಾವಿಕನ ಪ್ರೇತ. ಹಾಗಾದರೆ ಆ ಪ್ರೇತವು ಎಲ್ಲಿ ಕಳೆದುಹೋಯಿತು? ಕಳೆದುಹೋದದ್ದರಿಂದ ಹಾಡು ಕೆಟ್ಟಿತೆ, ಬೆಳೆಯಿತೆ?

1657ರಲ್ಲಿ ಲಂಡನ್ನಿನಲ್ಲಿ ವಿವಾಹಿತೆಯರಿಗೆ ಎಚ್ಚರಿಕೆಯೆಂಬ ಅರ್ಥದ ಶಿರೋನಾಮೆಯುಳ್ಳ ಒಂದು ಬೀದಿಪದ ಹೊರಟಿತು. ಆ ಕಾಲದಲ್ಲಿ ಒಂದೇ ಹಾಳೆಯ ಮೇಲೆ ಪದ್ಯವನ್ನು ಅಚ್ಚುಮಾಡಿ, ಬೀದಿಯಲ್ಲಿ ಹಾಡಿ ಮಾರುವ ಪದ್ಧತಿ ಆ ದೇಶದಲ್ಲಿತ್ತು. ಇದನ್ನು ಬರೆದವನು ಅಂಥ ಪದಗಳನ್ನು ಹೇರಳವಾಗಿ ಹೊಸೆದ ಲಾರೆನ್ಸ್ ಪ್ರೈಸ್ ಎಂದು ವಿದ್ವಾಂಸರ ಅಭಿಪ್ರಾಯ. ಪ್ಲಿಮತ್ ಬಂದರಿನ ಸಮೀಪದ ಜೇನ್ ರೆನಾಲ್ಡ್ಸ್ ಎಂಬವಳು ಜೇಮ್ಸ್ ಹ್ಯಾರಿಸ್ ಎಂಬ ನಾವಿಕನಿಗೆ ವಾಗ್ದಾನ ಮಾಡಿದ್ದಳು. ಅವನನ್ನು ಬಲಾತ್ಕಾರವಾಗಿ ನೌಕಾಸೇವೆಗೆ ಎಳೆದೊಯ್ದರು. ಕೆಲವು ವರ್ಷಗಳ ಮೇಲೆ ಸತ್ತನೆಂಬ ಸುದ್ದಿ ಬಂದಿತು. ಅವಳು ಬಡಗಿಯೊಬ್ಬನನ್ನು ಮದುವೆಯಾಗಿ ಮಕ್ಕಳನ್ನು ಹೆತ್ತಳು. ಗಂಡನು ಊರಲ್ಲಿಲ್ಲದ ಒಂದು ರಾತ್ರಿ ಪ್ರೇತವು ಕಿಟಕಿಯ ಬಳಿ ಬಂದು ಹಳೆಯ ಮಾತನ್ನು ನೆನಪಿಸಿ ಕರೆದೊಯ್ದಿತು. ಅವಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮರಳಿಬಂದ ಬಡಗಿ ನೇಣುಹಾಕಿಕೊಂಡನು, ಮಕ್ಕಳು ದಿಕ್ಕಿಲ್ಲದವರಾದರು. ಈ ಪದದ ಒಂದು ಪ್ರತಿ ಸ್ಯಾಮ್ಯುಯಲ್ ಪೀಪ್ಸ್ ಎಂಬ ದಿನಚರಿಕಾರನ ಸಂಗ್ರಹದಲ್ಲಿ ಇಂದಿಗೂ ಉಳಿದಿದೆ. ಅವನು ಕೂಡಿಸಿದ ಬೀದಿಪದಗಳು ಕೇಂಬ್ರಿಜ್ ವಿದ್ಯಾಪೀಠದ ಮಾಡ್ಲಿನ್ ಕಾಲೇಜಿನಲ್ಲಿವೆ.

ಕಾವ್ಯವೆಂದು ನೋಡಿದರೆ ಇದರಲ್ಲಿ ಹೆಚ್ಚಿನ ಸತ್ತ್ವವಿಲ್ಲ. ಪದ್ಯಗಾರನು ಕಥೆ ಹೇಳುವುದಕ್ಕಿಂತ ಬೆರಳು ತೋರಿಸಿ ಗದರಿಸುವುದರಲ್ಲಿ ಆಸಕ್ತನು. ಮೃತನಾದವನಿಗೆ ಕೊಟ್ಟ ಮಾತನ್ನೂ ಮುರಿಯಬಾರದೆಂಬ ನೀತಿಗೆ ಪ್ರೇತವು ಸಾಕ್ಷಿಯಾಗಿ ಬಂದು ನಿಲ್ಲುತ್ತದೆ, ಅಷ್ಟೆ.

ಅನಂತರ ಈ ಕಥೆ ಎರಡು ದಾರಿ ಹಿಡಿಯಿತು. ಸ್ಕಾಟ್ಲೆಂಡಿನಲ್ಲಿ ಪ್ರೇತವು ಬೆಳೆದು ಪಿಶಾಚವೇ ಆಯಿತು. ಸರ್ ವಾಲ್ಟರ್ ಸ್ಕಾಟನು ತನ್ನ ಗಡಿನಾಡ ಲಾವಣಿಗಳ ಸಂಗ್ರಹದ 1812ರ ಮುದ್ರಣದಲ್ಲಿ ‘ಡೀಮನ್ ಲವರ್’ ಎಂಬ ಹೆಸರಿನಿಂದ ಇದನ್ನು ಸೇರಿಸಿದನು. ಅಲ್ಲಿ ನಡುಗಡಲಿನಲ್ಲಿ ಅವಳಿಗೆ ಪ್ರಿಯನ ಸೀಳುಗೊರಸು ಕಾಣಿಸುತ್ತದೆ. ದೂರದಲ್ಲಿ ತೋರುವ ಹೊಳಪಿನ ಗುಡ್ಡ ಸ್ವರ್ಗದ್ದು, ಕರಿಯ ಬೆಟ್ಟ ನರಕದ್ದು, ನಾವಿಬ್ಬರೂ ಸೇರುವುದು ಎರಡನೆಯದನ್ನೆಂದು ಅವನು ಹೇಳುತ್ತಾನೆ. ಕೊನೆಗೆ ಕೈಯಿಂದ ಒಂದು ಪಟಸ್ತಂಭವನ್ನು, ಮೊಣಕಾಲಿನಿಂದ ಇನ್ನೊಂದನ್ನು ಹೊಡೆದು ಹಡಗನ್ನು ಇಬ್ಭಾಗಮಾಡಿ ಮುಳುಗಿಸುತ್ತಾನೆ. ಭಯಾನಕರಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಲಾವಣಿಗಳಲ್ಲಿ ವಿರಳ. ಆದರೆ ಸ್ಕಾಟನಿಗೆ ಈ ಪಾಠವನ್ನು ಒದಗಿಸಿದ ವಿಲಿಯಂ ಲೇಡ್ಲಾ ಎಂಬ ಮಿತ್ರನು ಮರೆತುಹೋಗಿದ್ದ ಕಡೆಗಳಲ್ಲಿ ಕೆಲವು ಪದ್ಯಗಳನ್ನು ತಾನೇ ಕಟ್ಟಿ ತುಂಬಿದ್ದನು. ಜನರ ಬಾಯಿಯಲ್ಲಿ ಹಾಡು ಕೆಡುತ್ತದೆಂದು ಆಕ್ಷೇಪಿಸುವ ಪಂಡಿತರು ಪಂಡಿತರ ಲೇಖನಿಯಲ್ಲಿ ಆಗುವುದನ್ನೂ ಗಮನಿಸಬೇಕು.

ಹಾರ್ವರ್ಡ್ ವಿದ್ಯಾಪೀಠದ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಹತ್ತು ಭಾಗಗಳಾಗಿ ಪ್ರಕಟಿಸಿದ ಮಹಾಸಂಗ್ರಹದಲ್ಲಿ 305 ಲಾವಣಿಗಳಿವೆ. ಅವುಗಳಲ್ಲಿ ಇದು 243ನೆಯದು. ಚೈಲ್ಡನು ಬಾಸ್ಟನ್ ನಗರದಲ್ಲಿ ಹಡಗಿನ ಪಟ ಹೊಲಿಯುತ್ತಿದ್ದವನ ಮಗ. ಸಾಗರದ ಹಾಡುಗಳು ಅಂಥವನ ಕೈಗೆ ಬಂದದ್ದು ಉಚಿತವೇ ಆಯಿತು. ಅವನು ಪ್ರೇತದ ಪಾಠವನ್ನು ಮೊದಲಿಟ್ಟು, ಉಳಿದುವನ್ನು ಕ್ರಮವಾಗಿ ಜೋಡಿಸಿದನು. ಅವನ ಸ್ವದೇಶದ ಪಾಠವಾದರೋ ಅವನಿಗೆ ದೊರೆತದ್ದು ಅತ್ಯಲ್ಪ: ಫಿಲಡೆಲ್ಫಿಯಾದಲ್ಲಿ ಅಚ್ಚಾಗಿದ್ದ ‘ಹೌಸ್ ಕಾರ್ಪೆಂಟರ್’ನಿಂದ 1858ರ ಒಂದು ಮಾಸಪತ್ರಿಕೆ ಉದ್ಧರಿಸಿದ್ದ ಎರಡೇ ಪದ್ಯಗಳನ್ನು ಅವನು ಮೊದಲು ಕಂಡನು. ಅದೇ ಸಮಯದಲ್ಲಿ ದಕ್ಷಿಣದ ಬೆಟ್ಟಗಳಲ್ಲಿ ಆ ಹಾಡು ಹಾಲು ಕರೆಯುವಾಗ, ನೂಲುವಾಗ, ಮಗುವನ್ನು ತೂಗುವಾಗ ಬಾಯಿಂದ ಬಾಯಿಗೆ ಸಾಗುತ್ತಿತ್ತು.

ಇದು ಹೊರಗಿನವರಿಗೆ ಚೆನ್ನಾಗಿ ತಿಳಿದದ್ದು 1916ರ ಮೇಲೆ. ಆಲಿವ್ ಡೇಮ್ ಕ್ಯಾಂಬೆಲ್ ಎಂಬ ಮಹಿಳೆ ಬೆಟ್ಟದ ಪ್ರದೇಶಗಳಲ್ಲಿ ಸಂಚರಿಸಿ ಬರೆದಿಟ್ಟುಕೊಂಡಿದ್ದ ಹಾಡುಗಳನ್ನು 1915ರಲ್ಲಿ ಇಂಗ್ಲೆಂಡಿನ ಸೆಸಿಲ್ ಶಾರ್ಪನಿಗೆ ತೋರಿಸಿದಳು. ಶಾರ್ಪನು ಮಾಡ್ ಕಾರ್ಪಲಿಸ್ ಎಂಬ ಸಹಾಯಕಿಯೊಡನೆ 1916ರಿಂದ 1918ರವರೆಗೆ ಒಟ್ಟು 46 ವಾರಗಳ ಕಾಲ, ಉಬ್ಬಸದಿಂದ ನರಳುತ್ತಲೇ ಬೆಟ್ಟ ಹತ್ತಿ ಇಳಿದು, 281 ಗಾಯಕರಿಂದ 1612 ಧಾಟಿಗಳನ್ನು ಬರೆದುಕೊಂಡನು. ಅವುಗಳಲ್ಲಿ ಈ ಲಾವಣಿ ಮತ್ತೆ ಮತ್ತೆ ದೊರೆಯಿತು. ಧಾಟಿಗಳು ಬಹುಮಟ್ಟಿಗೆ ಐದು ಅಥವಾ ಆರು ಸ್ವರಗಳವು. ನಮ್ಮ ಶಾಸ್ತ್ರದ ಮಾತಿನಲ್ಲಿ ಔಡವ, ಷಾಡವ. ಹಾಡುವವರು ಅಭಿನಯವಿಲ್ಲದೆ, ದನಿಯನ್ನು ಏರಿಸಿಳಿಸಿ ಭಾವ ತೋರಿಸದೆ, ಇದ್ದದ್ದನ್ನು ಇದ್ದಂತೆ ಹಾಡುತ್ತಿದ್ದರೆಂದು ಶಾರ್ಪನು ಮೆಚ್ಚಿ ಬರೆದಿದ್ದಾನೆ. ದುಃಖದ ಹಾಡಿಗೆ ದುಃಖದ ಮುಖಭಾವವೂ ಬೇಕೆಂದು ತಿಳಿದವರು ಈ ಮಾತನ್ನು ಮನನಮಾಡುವುದೊಳ್ಳೆಯದು.

ಈ ಬೆಟ್ಟದ ಪಾಠಗಳಲ್ಲಿ ಪ್ರೇತವಿಲ್ಲ. ಹೊಸನಾಡಿಗೆ ವಲಸೆಹೋದವರು ದೆವ್ವಪಿಶಾಚಗಳನ್ನು ಮರೆತು ವ್ಯವಹಾರಬುದ್ಧಿಯವರಾದುದರಿಂದ ಹಾಡು ಬಡವಾಯಿತೆಂದು ಕೆಲವರು ತೀರ್ಪುಕೊಟ್ಟುಬಿಟ್ಟರು. ಕೇಳುವುದಕ್ಕೆ ಇದು ಸೊಗಸಾದ ಸಿದ್ಧಾಂತ. ಆದರೆ ಪ್ರಮಾಣವು ಇದಕ್ಕೆ ಎದುರಾಗಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿಯೇ ಅಚ್ಚಾದ, ಚೈಲ್ಡನು ಎರಡನೆಯ ಪಾಠವಾಗಿ ಕೊಟ್ಟಿರುವ, ‘ಸಂಕಟಕ್ಕೊಳಗಾದ ಹಡಗಿನ ಬಡಗಿ’ ಎಂಬರ್ಥದ ಪದದಲ್ಲಿ ಪ್ರೇತದ ಸುಳಿವೇ ಇಲ್ಲ. ನಾವಿಕನು ಜೀವಂತನಾಗಿ ಬಂದು ಎದುರಿಗೆ ನಿಂತು ಮಾತನಾಡುತ್ತಾನೆ. ಅಮೆರಿಕಾದ ಹಾಡಿನ ಸಂವಾದಕ್ರಮವು ಈ ಪದವನ್ನೇ ಹೋಲುತ್ತದೆಯಲ್ಲದೆ 1657ರದನ್ನಲ್ಲ, ಸ್ಕಾಟನದನ್ನೂ ಅಲ್ಲ. ಆದುದರಿಂದ ಪ್ರೇತವನ್ನು ಕಳೆದುಕೊಂಡವರು ಬೆಟ್ಟದ ಜನರಲ್ಲ. ಅದು ಅವರ ಗಂಟಿನಲ್ಲಿ ಬಂದೇ ಇರಲಿಲ್ಲ. ಅವರು ತಂದದ್ದು ಹಡಗಿನ ಬಡಗಿಯನ್ನು. ಸಮುದ್ರವನ್ನೇ ಕಾಣದ ಕಣಿವೆಗಳಲ್ಲಿ ಮರದಿಂದ ಕಟ್ಟುವುದು ಹಡಗನ್ನಲ್ಲ, ಮನೆಯನ್ನು. ಬಡಗಿಯೂ ಮನೆಯ ಬಡಗಿಯಾದನು. ಸ್ಕಾಟ್ಲೆಂಡಿನ ಪಾಠದಲ್ಲಿ ನಾವಿಕನು ಇಟಲಿಯ ತೀರವನ್ನು ತೋರಿಸುವೆನೆಂದು ಆಸೆಹಚ್ಚಿದರೆ, ಬೆಟ್ಟದ ಕೆಲವು ಪಾಠಗಳಲ್ಲಿ ಅದು ಟೆನೆಸಿ ನದಿಯ ದಡವಾಗಿದೆ. ಸಾಗರದ ಹಡಗು ಟೆನೆಸಿಗೆ ಹೋಗುವುದು ಹೇಗೆಂದು ಭೂಗೋಳದ ಉಪಾಧ್ಯಾಯರು ಕೇಳಬಹುದು. ಹಾಡುವವಳಿಗೆ ಬೇಕಾದದ್ದು ಹಸಿರು ದಡ; ಅವಳು ಕಂಡಿದ್ದ ಹಸಿರು ದಡ ಅದು.

ಇವೆಲ್ಲ ಸಣ್ಣ ಬದಲಾವಣೆಗಳು. ಹಾಡಿನ ಜೀವವನ್ನೇ ತಿರುಗಿಸಿದ ಬದಲಾವಣೆ ಇನ್ನೊಂದಿದೆ. ಅದರ ಕಡೆಗೆ ವಿಮರ್ಶಕರ ಲಕ್ಷ್ಯ ಸಾಕಷ್ಟು ಹೋದಂತೆ ಕಾಣುವುದಿಲ್ಲ. ಇಂಗ್ಲೆಂಡಿನ ಆ ಎರಡನೆಯ ಪಾಠದ ಕೊನೆಯಲ್ಲಿ, ಹೆಂಡತಿ ಮುಳುಗಿದ ಸುದ್ದಿಯನ್ನು ಕೇಳಿದ ಬಡಗಿಯು, ತನ್ನ ಸಂಸಾರವನ್ನು ಕೆಡಿಸಿದ ನಾವಿಕರ ಕುಲವನ್ನೇ ಶಪಿಸುತ್ತಾನೆ. ಅಮೆರಿಕಾದ ಅನೇಕ ಪಾಠಗಳಲ್ಲಿ ಶಾಪವು ಉಳಿದಿದೆ, ಶಪಿಸುವ ಬಾಯಿ ಬೇರೆಯಾಗಿದೆ. ಈಗ ಶಪಿಸುವವಳು ಹೆಂಡತಿ. ತನ್ನ ಬಡಗಿಯನ್ನು ತನ್ನಿಂದ ಕಸಿದು, ತನ್ನ ಪ್ರಾಣವನ್ನೂ ತೆಗೆದರೆಂದು ಮುಳುಗುತ್ತಿರುವವಳೇ ನಾವಿಕರನ್ನು ಶಪಿಸುತ್ತಾಳೆ. ಶಬ್ದಗಳು ಬಹುಮಟ್ಟಿಗೆ ಅವೇ, ವಕ್ತೃ ಬದಲಾದನು, ಅರ್ಥವೆಲ್ಲ ಬದಲಾಯಿತು. ಗಂಡನು ಶಪಿಸಿದಾಗ ಅದು ಆಸ್ತಿ ಕಳೆದುಕೊಂಡವನ ಕೋಪ. ಅವಳು ಶಪಿಸಿದಾಗ, ತಾನೇ ಬಿಟ್ಟುಬಂದ ಮನೆಯನ್ನು ಯಾರೋ ದೋಚಿದರೆಂಬಂತೆ ಆಡುವ ಮಾತು ಅದು. ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಹೊರಟವಳು ಅವಳೇ ಅಲ್ಲವೆ? ಸಾಕಲು ಏನಿದೆಯೆಂದು ಕೇಳಿದವಳೂ ಅವಳೇ. ಪಶ್ಚಾತ್ತಾಪವು ಹೀಗೆಯೇ ತಪ್ಪನ್ನು ಅರ್ಧ ಒಪ್ಪಿಕೊಂಡು ಅರ್ಧ ಬೇರೆಯವರ ಮೇಲೆ ಹಾಕುತ್ತದೆಂಬುದನ್ನು ಸಂಸಾರ ಕಂಡವರೆಲ್ಲ ಬಲ್ಲರು.

ಪ್ರೇತವಿದ್ದಿದ್ದರೆ ಈ ಮಾತಿಗೆ ಅವಕಾಶವೇ ಇರುತ್ತಿರಲಿಲ್ಲ. ಪ್ರೇತವು ಸೆಳೆದೊಯ್ದವಳಿಗೆ ಆಯ್ಕೆಯಿಲ್ಲ. ಆಯ್ಕೆಯಿಲ್ಲದವಳಲ್ಲಿ ಪಶ್ಚಾತ್ತಾಪಕ್ಕೆ ಎಡೆಯಿಲ್ಲ. ನಾವಿಕನು ಬರಿಯ ಮನುಷ್ಯನಾದುದರಿಂದ ಅವಳೂ ಪೂರ್ಣ ಮನುಷ್ಯಳಾದಳು. ಭಯಾನಕವು ಹಿಂದೆ ಸರಿದು ಕರುಣವು ಅಂಗಿರಸವಾಯಿತು. ಸ್ಕಾಟನ ಪಾಠದಲ್ಲಿ ಹಡಗನ್ನು ಒಡೆಯುವವನಿದ್ದಾನೆ. ಬೆಟ್ಟದ ಪಾಠದಲ್ಲಿ ಒಡೆಯುವವರಾರೂ ಇಲ್ಲ, ಹಡಗು ತಾನಾಗಿ ಬಿರಿಯುತ್ತದೆ. ಏಕೆ ಬಿರಿಯಿತೆಂದು ಹಾಡು ಹೇಳದೆ ಬಿಟ್ಟದ್ದೇ ಧ್ವನಿಯಾಗಿ ಕೇಳುವವರ ಮನಸ್ಸಿನಲ್ಲಿ ನಿಲ್ಲುತ್ತದೆ.

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ಇದನ್ನು ಒಪ್ಪುವುದು ಸುಲಭವಲ್ಲ. ಪದ, ಕ್ರಮ, ಜಟೆ, ಘನಗಳ ಕಟ್ಟುಗಳಿಂದ ವೇದದ ಒಂದು ಸ್ವರವೂ ಜಾರದಂತೆ ಕಾಪಾಡಿಕೊಂಡು ಬಂದ ಸಂಪ್ರದಾಯದಲ್ಲಿ ಪಾಠಭೇದವೆಂದರೆ ಪ್ರಮಾದ. ಆದರೆ ಆ ಕಟ್ಟುಗಳನ್ನು ಏರ್ಪಡಿಸಿದವರು, ಬಾಯಿಗೆ ಬಿಟ್ಟ ಮಾತು ಬದಲಾಗಿಯೇ ತೀರುತ್ತದೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದರು. ಇಲ್ಲದಿದ್ದರೆ ಅಷ್ಟು ಕಾವಲಿನ ಅಗತ್ಯವೇನಿತ್ತು? ಕಾವಲಿಲ್ಲದ ಹಾಡಿನಲ್ಲಿ ಮೂಲಪಾಠವನ್ನು ಹುಡುಕಿ ಸಿಂಹಾಸನಕ್ಕೇರಿಸುವುದು ಚರಿತ್ರೆಗೆ ಉಪಯುಕ್ತ, ಗುಣನಿರ್ಣಯಕ್ಕೆ ಅಲ್ಲ. ಪ್ರೈಸನ ಬೀದಿಪದ ಮೂಲವಾಗಿರಬಹುದು. ಅದು ಶ್ರೇಷ್ಠವೆನ್ನುವುದು ಸಾಧ್ಯವಿಲ್ಲ. ಹಾಗೆಂದು ಬದಲಾವಣೆಯೆಲ್ಲ ಉತ್ತಮವೆಂದೂ ಅಲ್ಲ. ಸ್ವರ್ಗನರಕಗಳ ಬೆಟ್ಟಗಳ ಸಂವಾದವನ್ನು ಬಿಟ್ಟ ಪಾಠಗಳಿಗಿಂತ, ಅಮೆರಿಕಾದಲ್ಲಿಯೇ ಅದನ್ನು ಉಳಿಸಿಕೊಂಡ ಪಾಠಗಳು ಮೇಲೆಂದು ಹೇಳದಿರಲಾಗದು.

ಶಾರ್ಪನ ವಿಷಯದಲ್ಲಿಯೂ ಒಂದು ಮಾತುಂಟು. ಅವನು ಬೆಟ್ಟಗಳಲ್ಲಿ ಹುಡುಕಿದ್ದು ಇಂಗ್ಲೆಂಡನ್ನು. ಆದುದರಿಂದ ಅವನಿಗೆ ದೊರೆತದ್ದೂ ಬಹುಮಟ್ಟಿಗೆ ಅದೇ. ಆಫ್ರಿಕಾದಿಂದ ದಾಸರಾಗಿ ಬಂದವರು ಆ ನಾಡಿನ ಸಂಗೀತಕ್ಕೆ ಕೊಟ್ಟದ್ದನ್ನು ಅವನು ಕೇಳಲು ನಿಲ್ಲಲಿಲ್ಲ. ಆದರೆ ಹಾಡು ಯಾರ ಅಪ್ಪಣೆಗೂ ಕಾಯಲಿಲ್ಲ. ಟೆನೆಸಿಯ ಕ್ಲಾರೆನ್ಸ್ ಆಶ್ಲಿ 1930ರಲ್ಲಿ ಕೊಲಂಬಿಯಾ ಕಂಪೆನಿಗಾಗಿ ಇದನ್ನು ಹಾಡಿದಾಗ ಕೈಯಲ್ಲಿದ್ದದ್ದು ಬ್ಯಾಂಜೊ. ಆ ವಾದ್ಯದ ಮೂಲ ಆಫ್ರಿಕಾ. ಪ್ಲಿಮತ್ತಿನ ಕಥೆ, ಬೆಟ್ಟದ ಕಂಠ, ಆಫ್ರಿಕಾದ ತಂತಿ ಮೂರೂ ಒಂದೇ ಗ್ರಾಮಾಫೋನ್ ತಟ್ಟೆಯಲ್ಲಿ ಕೂಡಿಕೊಂಡವು. 1952ರಲ್ಲಿ ಹ್ಯಾರಿ ಸ್ಮಿತ್ ಎಂಬವನು ಹಳೆಯ ತಟ್ಟೆಗಳಿಂದ ಆರಿಸಿ ಪ್ರಕಟಿಸಿದ ಸಂಗ್ರಹದಲ್ಲಿ ಇದೂ ಸೇರಿ, ನಗರಗಳ ಯುವಗಾಯಕರನ್ನು ಮುಟ್ಟಿತು. ಅವರಲ್ಲೊಬ್ಬನಾದ ಬಾಬ್ ಡಿಲನ್ 1961ರಲ್ಲಿ ಹಾಡಿದ ಧ್ವನಿಮುದ್ರಣವು ಮೂವತ್ತು ವರ್ಷ ಬಿದ್ದಿದ್ದು 1991ರಲ್ಲಿ ಹೊರಬಂದಿತು. ಹಾಡಿಗೆ ಮುಂಚೆ ಅವನು, ಇದು ಕಡಲಿನಿಂದ ಮರಳಿಬಂದ ಪ್ರೇತವೊಂದರ ಕಥೆಯೆಂದು ಪೀಠಿಕೆ ಹೇಳುತ್ತಾನೆ. ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಮುದ್ರಕರು ಹೊರಗೆ ಹಾಕಿದ್ದ ಪ್ರೇತವು ಹೀಗೆ ಪುಸ್ತಕಗಳ ದಾರಿಯಿಂದಲೋ ಕೇಳಿದ ಮಾತಿನಿಂದಲೋ ಮತ್ತೆ ಬಾಗಿಲಿಗೆ ಬಂದಿತು. ಪೀಠಿಕೆಯನ್ನು ದಾಟಿ ಹಾಡಿನ ಒಳಕ್ಕೆ ಮಾತ್ರ ಬರಲಾರದೆ ಹೋಯಿತು.

ಹಾಡಿನ ಹೆಸರಿನ ಸಂಗತಿ ಉಳಿದಿದೆ. ಮೊದಲ ಪಾಠದಲ್ಲಿ ಬಡಗಿ ನೇಣುಹಾಕಿಕೊಂಡನು, ಎರಡನೆಯದರಲ್ಲಿ ಶಪಿಸಿದನು, ಆ ಶಾಪವನ್ನೂ ಹೆಂಡತಿ ತೆಗೆದುಕೊಂಡ ಮೇಲೆ ಬೆಟ್ಟದ ಪಾಠದಲ್ಲಿ ಅವನಿಗೆ ಆಡಲು ಒಂದು ಮಾತೂ ಉಳಿಯಲಿಲ್ಲ. ಹಾಡಿನ ಆದಿಯಿಂದ ಅಂತ್ಯದವರೆಗೆ ಅವನು ಎಲ್ಲಿಯೂ ಎದುರಿಗೆ ಬರುವುದಿಲ್ಲ. ಎಲ್ಲಿಯೋ ಕೆಲಸಕ್ಕೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ, ಮನೆಯಲ್ಲಿ ಕೂಸೊಂದೇ ಇರುತ್ತದೆ. ಆದರೂ ಬೆಟ್ಟದ ಹೆಂಗಸರು ಈ ಹಾಡನ್ನು ಕರೆದದ್ದು ನಾವಿಕನ ಹೆಸರಿನಿಂದಲ್ಲ, ಅವಳ ಹೆಸರಿನಿಂದಲೂ ಅಲ್ಲ, ಅವನ ಕಸುಬಿನ ಹೆಸರಿನಿಂದ.